ಬಾಜೂ ಎಂಬ ಕಾಲಂ

ಸಂಕೇಶ್ವರದ ಬಾಡಿಗೆ ಕೋಣೆಯಲ್ಲಿ ದಾಕ್ಷಾಯಿಣಿ ಒಬ್ಬಳೇ ಕೂತು ಮೂರು ತಾಲ್ಲೂಕಿನ ಹಾಲಿನ ಸಂಘಗಳ ಸದಸ್ಯರ ಪಟ್ಟಿಗಳನ್ನು ಒಂದುಗೂಡಿಸುತ್ತಿದ್ದಳು. ಗೋಕಾಕದವರದೊಂದು ನಮೂನೆ, ಹುಕ್ಕೇರಿಯವರದೊಂದು, ಮೂಡಲಗಿಯವರದಂತೂ ದೇವರಿಗೇ ಪ್ರೀತಿ! ದುಡಿಯುವುದೆಲ್ಲ ಕ್ಲೌಡು, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರು. ಸರ್ವರ್ ಕೊಳ್ಳುವ, ಕಾಯುವ ತಾಪತ್ರಯವೇ ಇಲ್ಲ. ಹೊಸ ಫೈಲು ಬಂದರೆ ತಾನೇ ಏಳುತ್ತದೆ, ಸೋಸಿ ಜೋಡಿಸಿ ತಾನೇ ಮಲಗುತ್ತದೆ. ಯಾವ ಕಾಲಂನಲ್ಲಿ ಏನಿದೆ ಎಂದು ಕ್ಯಾಟಲಾಗಿನಲ್ಲಿ ಅದು ಊಹಿಸಿದ ಅರ್ಥ ತಿದ್ದಿ ಬರೆಯುವುದಷ್ಟೇ ಇವಳ ಪಾಲು. ಮಾತಾಡಲು ಒಂದು ನರಪಿಳ್ಳೆ ಇಲ್ಲ. ಮದುವೆ ಮುರಿದು ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಪಕ್ಕದ ಮನೆಯವರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಮೂಡಲಗಿ ಕಡೆಯ ಮಸಗುಪ್ಪಿಯ ಪಟ್ಟಿಯಲ್ಲಿ ‘ಬಾಜೂ’ ಎಂಬ ಕಾಲಂ ಇತ್ತು. ಅದರ ತುಂಬ ಜನರ ಹೆಸರು. ಕ್ಲೌಡು ಅದಕ್ಕೆ ‘ದಿಕ್ಕು’ ಎಂದು ಅರ್ಥ ಹಚ್ಚಿತ್ತು, ಎಂಥ ಜಾಣ ಖೋಡಿ! ಇವಳು ಅದನ್ನಳಿಸಿ ‘ವಾರಸುದಾರ’ ಎಂದು ಬರೆದಳು. ಆದರೂ ಅನುಮಾನ ಹೋಗದೆ ಸಂಘದ ಕಾರ್ಯದರ್ಶಿ ಬೀರಸಿದ್ದಪ್ಪನವರಿಗೆ ಫೋನ್ ಮಾಡಿ, ತಾನು ಬರೆದದ್ದು ಸರಿಯೇ ಎಂದು ಕೇಳಿದಳು.

“ಅಯ್ಯ ಶಿವನ! ಬಾಜೂ ಮನಿಯವರಿಗೆ ಆಸ್ತಿ ಬರದ್ರೇನ್ರಿ ಅಕ್ಕಾರ?” ಎಂದು ಅವರು ನಕ್ಕರು. “ಹಾಲು ಹಾಕೋರು ಬರಲಿಲ್ಲಂದ್ರ ಯಾರನ್ನ ಕೇಳಬೇಕು, ಅವರ ಹೆಸರ್ರಿ ಅದು. ಹಾಲು ಹಾಕೋ ಕಾಶೆವ್ವ ಬಿದ್ದು ಕಾಲು ಮುರಕೊಂಡಾಗ ಬಾಜೂದವರನ್ನ ಕೇಳಿದ್ದಕ್ಕನ ಗೊತ್ತಾತು.” ಆಮೇಲೆ ಸಹಜವಾಗಿ ಕೇಳಿದರು, “ನಿಮ್ಮ ಬಾಜೂ ಯಾರ್ರಿ?”

“ಯಾರೂ ಇಲ್ರಿ ಸರ್.” ಬಾಯಿ ತಪ್ಪಿ ಬಂದುಬಿಟ್ಟಿತು. ಉಳಿದ ಕಾಲಂಗಳ ಬಗ್ಗೆ ಕೇಳಲು ನಾಳೆ ಹತ್ತಕ್ಕೆ ಫೋನ್ ಮಾಡುವೆನೆಂದು ಇಟ್ಟುಬಿಟ್ಟಳು. ಕ್ಯಾಟಲಾಗಿನಲ್ಲಿ ‘ಇವರು ಬಾರದ ದಿನ ಕೇಳಬೇಕಾದವರು’ ಎಂದು ತಿದ್ದಿದಳು.

ಮರುದಿನ ಜ್ವರ. ಎರಡು ದಿನ ಏಳಲಾಗಲಿಲ್ಲ. ತಲೆದಿಂಬಿನ ಬಳಿ ಮೊಬೈಲು ಮಾತ್ರ ಟಿಣ್ ಎನ್ನುತ್ತಿತ್ತು: ‘ಕೆಲಸ ಯಶಸ್ವಿ.’ ಫೈಲುಗಳು ಬಂದವು, ಕ್ಲೌಡು ಎದ್ದು ಜೋಡಿಸಿ ಮಲಗಿತು. ಕೆಲಸ ಕೊಟ್ಟ ಕಚೇರಿಯಲ್ಲಿ ಯಾರೂ ಇವಳೆಲ್ಲಿ ಎನ್ನಲಿಲ್ಲ. ತಾನು ಸತ್ತರೂ ಇದು ಯಶಸ್ವಿ ಯಶಸ್ವಿ ಎನ್ನುತ್ತಲೇ ಇರುತ್ತದೆ ಎನಿಸಿ ದಾಕ್ಷಾಯಿಣಿಗೆ ಹೆದರಿಕೆಯಾಯಿತು.

ಮೂರನೆಯ ಬೆಳಿಗ್ಗೆ ಫೋನ್ ಬಂತು.

“ಅಕ್ಕಾರ, ಬೀರಸಿದ್ದಪ್ಪ ಮಾತಾಡಾಕತ್ತೇನಿ. ಹತ್ತಕ್ಕ ಮಾಡ್ತೀನಂದ್ರಿ, ಎರಡು ದಿನ ಆತು. ಬಾಜೂದವರನ್ನ ಕೇಳೂಣಂದ್ರ ಯಾರೂ ಇಲ್ಲ ಅಂದಿದ್ರಿ. ಅದಕ್ಕ ನಿಮ್ಮನ್ನ ಕೇಳಾಕತ್ತೇನಿ. ಅರಾಮ ಅದೀರಿಲ್ಲೋ?”

ಕಾಲಂಗಳ ಮಾತೇ ಅವರು ಎತ್ತಲಿಲ್ಲ.

“ಇಲ್ರಿ ಕಾಕಾ, ಅರಾಮಿಲ್ಲ” ಎಂದು ದಾಕ್ಷಾಯಿಣಿ ಗಳಗಳ ಅತ್ತಳು.