ಹಲಗೆಯ ಮೇಲೊಂದು ಕೆಂಪು ಚುಕ್ಕೆ

ಸುಳ್ಳು ಹೇಳುವುದರಲ್ಲಿ ಅಕ್ಕನದು ಎತ್ತಿದ ಕೈ. ಕೆಟ್ಟ ಸುಳ್ಳಲ್ಲ, ಪಾಪ; ನರ್ಸಮ್ಮನ ಸುಳ್ಳು. ಹತ್ತೊಂಬತ್ತು ವರ್ಷ ವಾರ್ಡಿನಲ್ಲಿ ಸೂಜಿ ಹಿಡಿದು, 'ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೆ' ಎಂದು ಹೇಳಿ ಹೇಳಿ ಅವಳ ನಾಲಿಗೆ ಆ ಕಡೆಗೇ ವಾಲಿಬಿಟ್ಟಿತ್ತು. ಜ್ವರ ನೂರಮೂರು ಇದ್ದರೆ ನೂರೊಂದು ಅನ್ನುವಳು. ಅಪ್ಪ ತೀರಿಕೊಂಡ ದಿನ, ತರಬೇತಿ ಶಿಬಿರದಲ್ಲಿದ್ದ ತಂಗಿಗೆ ಫೋನ್ ಮಾಡಿ, "ಅಪ್ಪಂಗೆ ಸ್ವಲ್ಪ ಹುಷಾರಿಲ್ಲ, ಬಂದು ಹೋಗು. ನಿನ್ನಾಣೆ, ಗಾಬರಿ ಪಡೋ ಅಂಥದ್ದೇನಿಲ್ಲ" ಅಂದಿದ್ದಳು. ತಂಗಿ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬಂದಳು. ಮನೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡಾಗಲೇ ಅವಳಿಗೆ ಗೊತ್ತಾಗಿದ್ದು.

ಇಂಥವಳನ್ನು ತಂದು ನೀರಿನ ಮೇಜಿನ ಹಿಂದೆ ನಿಲ್ಲಿಸಿದ್ದರು. ಅಂತರರಾಷ್ಟ್ರೀಯ ಕ್ರೀಡಾಕೂಟ, ಹೆಂಗಸರ ಇಪ್ಪತ್ತು ಕಿಲೋಮೀಟರ್ ವೇಗದ ನಡಿಗೆಯ ಫೈನಲ್. ಅಕ್ಕ ತಂಡದ ನರ್ಸ್ ಎಂದು ಕೊರಳಿಗೆ ಪಾಸ್ ತೂಗಿಸಿಕೊಂಡು ಬಂದಿದ್ದಳು. ತಂಗಿಗೆ ಈಗ ಮೂವತ್ತು. ಹದಿಮೂರು ವರ್ಷ ನಡೆದಿದ್ದಾಳೆ, ಒಂದು ಪದಕವನ್ನೂ ಕಂಡಿಲ್ಲ. "ಇದೇ ಕೊನೆ ಅಕ್ಕ, ಮಂಡಿ ಇನ್ನು ತಡೆಯಲ್ಲ" ಎಂದು ವಿಮಾನದಲ್ಲೇ ಹೇಳಿದ್ದಳು.

ಈ ನಡಿಗೆ ನೋಡುವವರಿಗೆ ನಗು, ನಡೆಯುವವರಿಗೆ ಪ್ರಾಣಸಂಕಟ. ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮಂಡಿ ಬಗ್ಗಬಾರದು. ರಸ್ತೆಯುದ್ದಕ್ಕೂ ತೀರ್ಪುಗಾರರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ತಪ್ಪು ಕಂಡವರು ಕೆಂಪು ಚೀಟಿ ಬರೆದು ಕಳಿಸಿದರೆ, ನೀರಿನ ಮೇಜಿನ ಎದುರಿಗಿರುವ ಹಲಗೆಯಲ್ಲಿ ಆಕೆಯ ನಂಬರಿನ ಮುಂದೆ ಒಂದು ಕೆಂಪು ಚುಕ್ಕೆ ಬೀಳುತ್ತದೆ. ಮೂರು ಚುಕ್ಕೆ ಬಿದ್ದರೆ ಪಕ್ಕದ ಕಟಕಟೆಯೊಳಗೆ ಎರಡು ನಿಮಿಷ ಸುಮ್ಮನೆ ನಿಲ್ಲಬೇಕು. ಅಷ್ಟರಲ್ಲಿ ಅರ್ಧ ಊರು ಮುಂದೆ ಹೋಗಿರುತ್ತದೆ. ಆದ್ದರಿಂದ ಲೆಕ್ಕ ಸರಳ: ಒಂದು ಚುಕ್ಕೆ ಇದ್ದರೆ ಧೈರ್ಯ ಮಾಡಬಹುದು, ಎರಡಿದ್ದರೆ ಕೈಕಾಲು ಬಿಗಿಹಿಡಿದು ಹುಷಾರಾಗಿ ನಡೆಯಬೇಕು.

ತಂಗಿಗೋ, ದೂರದ್ದು ಕಾಣುವುದಿಲ್ಲ. ಬೆವರಿಗೆ ಕನ್ನಡಕ ಜಾರುತ್ತದೆ. ಎರಡು ದಿನದಿಂದ ಕಣ್ಣು ಕೆಂಪಾಗಿ ಲೆನ್ಸ್ ಹಾಕುವ ಹಾಗೂ ಇಲ್ಲ. ಹಲಗೆ ಅವಳಿಗೆ ಬರೀ ಬಿಳಿ ಮಬ್ಬು. ಸುತ್ತಿಗೊಮ್ಮೆ ನೀರು ಕೊಡುವಾಗ ಎಷ್ಟು ಚುಕ್ಕೆ ಎಂದು ಅಕ್ಕನೇ ಹೇಳಬೇಕು. ಕೋಚ್ ನಿಲ್ಲುವುದು ಅರ್ಧ ಕಿಲೋಮೀಟರ್ ಆಚೆಯ ತಿರುವಿನಲ್ಲಿ. ಹಿಂದಿನ ದಿನ, ತಂಗಿ ಕಾಲು ನೀವಿಸಿಕೊಳ್ಳಲು ಹೋಗಿದ್ದಾಗ, ಅವರು ಅಕ್ಕನನ್ನು ಕರೆದರು.

"ನರ್ಸಮ್ಮ, ನಾಳೆ ನಿಮ್ಮ ವಾರ್ಡಿನ ಭಾಷೆ ಬೇಡ. ಇದ್ದದ್ದು ಇದ್ದ ಹಾಗೆ ಹೇಳಬೇಕು."

"ಅಯ್ಯೋ ಮೇಷ್ಟ್ರೇ, ನಾನೇನು ಅಷ್ಟೂ ತಿಳೀದವಳಾ?" ಎಂದಳು ಅಕ್ಕ. ಮಾತು ಕೊಟ್ಟಳು ಕೂಡ.

ಇಪ್ಪತ್ತು ಸುತ್ತಿನಲ್ಲಿ ಹದಿನಾರು ಸುತ್ತು ಹಲಗೆ ಸ್ವಚ್ಛವಾಗಿತ್ತು. "ಎಷ್ಟು?" ಎಂದು ತಂಗಿ ಕೇಳುವಳು, "ಇಲ್ಲ!" ಎಂದು ಅಕ್ಕ ಬಾಟಲಿ ಚಾಚುವಳು. ಒಂಬತ್ತನೆಯವಳಾಗಿದ್ದ ತಂಗಿ ಆರಕ್ಕೆ ಬಂದಳು, ನಾಲ್ಕಕ್ಕೆ ಬಂದಳು, ನೋಡನೋಡುತ್ತ ಮೂರಕ್ಕೇ ಬಂದುಬಿಟ್ಟಳು. ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಬ್ಬಳು ಉದ್ದ ಕಾಲಿನವಳು.

ಆಗಲೇ ಹಲಗೆಯ ಹುಡುಗಿ ಏಣಿ ಹತ್ತಿ ತಂಗಿಯ ನಂಬರಿನ ಮುಂದೆ ಒಂದು ಚುಕ್ಕೆ ಅಂಟಿಸಿದಳು. ತಂಗಿ ಬರುತ್ತಿದ್ದಳು. 'ಇಲ್ಲ' ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆ ತುದಿಗೇ ಬಂದಿತ್ತು. ಅಕ್ಕ ಅದನ್ನು ಕಷ್ಟಪಟ್ಟು ನುಂಗಿದಳು.

"ಎಷ್ಟು?"

"ಒಂದು!"

ತಂಗಿ ಬಾಟಲಿ ಕಿತ್ತುಕೊಂಡು ಹೋದಳು. ಜೀವಮಾನದಲ್ಲಿ ಮೊದಲ ಸಲ ಕೆಟ್ಟ ಸುದ್ದಿಯನ್ನು ಅಳತೆ ತಪ್ಪದೆ ಹೇಳಿದ್ದಕ್ಕೆ ಅಕ್ಕನಿಗೆ ತನ್ನ ಮೇಲೆ ತನಗೇ ಮೆಚ್ಚುಗೆಯಾಯಿತು.

ಮುಂದಿನ ಸುತ್ತಿಗೆ ಬಂದಾಗ ತಂಗಿಯ ನಡಿಗೆ ಸಪ್ಪಗಾಗಿತ್ತು. ಮೊಟ್ಟೆ ತುಳಿಯದ ಹಾಗೆ ಹೆಜ್ಜೆಯಿಡುತ್ತಿದ್ದಳು. ಉದ್ದ ಕಾಲಿನವಳು ಹತ್ತೇ ಹೆಜ್ಜೆಗೆ ಬಂದಿದ್ದಳು. ಮಂಡಿ ನೋವೇ? ಹೊಟ್ಟೆ ಹಿಡಿದಿದೆಯೇ? ಅಕ್ಕನಿಗೆ ಒಂದೂ ತಿಳಿಯಲಿಲ್ಲ.

"ಒಂದೇ ಕಣೇ! ಜೋರಾಗಿ ಹೋಗೇ!"

ತಂಗಿ ಅಕ್ಕನ ಮುಖವನ್ನೊಮ್ಮೆ ನೋಡಿ ತಲೆಯಾಡಿಸಿ ಹೋದಳು. ಮತ್ತೆ ಬಂದಾಗ ಇನ್ನೂ ನಿಧಾನ.

"ನಿನ್ನಾಣೆ ಕಣೇ, ಒಂದೇ!" ಎಂದು ಅಕ್ಕ ಗಂಟಲು ಹರಿಯುವ ಹಾಗೆ ಕೂಗಿದಳು. ಮೇಜು ಬಿಟ್ಟು ಜೊತೆಗೆ ಓಡಿದರೆ ನಿಯಮದ ಪ್ರಕಾರ ತಂಗಿಗೇ ಕುತ್ತು. ಆದ್ದರಿಂದ ನಿಂತಲ್ಲೇ ಕುಣಿದಳು. ಆಣೆ ಕೇಳಿದ ಮೇಲಂತೂ ತಂಗಿ ಪೂರಾ ಬಿಗಿಯಾದಳು. ಕೊನೆಯ ಮುನ್ನೂರು ಮೀಟರಿನಲ್ಲಿ ಉದ್ದ ಕಾಲಿನವಳು ಅವಳನ್ನು ದಾಟಿದಳು. ನಾಲ್ಕು ಸೆಕೆಂಡಿನ ಅಂತರದಲ್ಲಿ ಪದಕ ಹೋಯಿತು.

ಅಕ್ಕ ಒದ್ದೆ ಟವೆಲ್ ಹಿಡಿದು ಓಡಿದಾಗ ತಂಗಿ ರಸ್ತೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅಳುತ್ತಿರಲಿಲ್ಲ. ಮುಖದಲ್ಲಿ ಸಣ್ಣ ನಗು ಕೂಡ ಇತ್ತು.

"ನಾಲ್ಕನೇದು. ಹೋಗ್ಲಿ ಬಿಡು, ಕಟಕಟೆಯಾದ್ರೂ ತಪ್ಪಿತಲ್ಲ. ಎರಡು ಚುಕ್ಕೆ ಇಟ್ಕೊಂಡು ಇನ್ನೇನು ಮಾಡೋಕಾಗುತ್ತೆ?"

"ಎರಡು ಅಂತ ಯಾರೇ ಹೇಳಿದ್ದು?"

"ನೀನೇ. ನೀನು ಒಂದು ಅಂದ್ರೆ ಎರಡು ಅಂತ ನಂಗೊತ್ತಿಲ್ವಾ? ಆಮೇಲೆ ಆಣೆ ಬೇರೆ ಹಾಕಿದೆ. ಅಪ್ಪನ ವಿಷಯದಲ್ಲೂ ಹೀಗೇ ಆಣೆ ಹಾಕಿದ್ದೆ."

ಅಕ್ಕ ಟವೆಲನ್ನು ತಂಗಿಯ ಕೈಗಿಟ್ಟಳು. 'ಹೌದಮ್ಮ, ಎರಡಿತ್ತು, ನೀನು ಮಾಡಿದ್ದೇ ಸರಿ' ಅಂದುಬಿಟ್ಟರೆ ಮುಗಿಯಿತು. ಹುಡುಗಿ ನೆಮ್ಮದಿಯಾಗಿ ಮನೆಗೆ ಬರುತ್ತಾಳೆ. ಆದರೆ ಕೋಚ್ ಆ ಕಡೆಯಿಂದ ದಾಪುಗಾಲು ಹಾಕಿಕೊಂಡು ಬರುತ್ತಿದ್ದರು. ಅವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಅನ್ನಿಸಿತು.

"ಒಂದೇ ಇತ್ತು ಕಣೇ. ಕೊನೇವರೆಗೂ ಒಂದೇ. ನಿಜಾನೇ ಹೇಳಿದ್ದೆ."

ತಂಗಿ ನಗುತ್ತಲೇ ಅಕ್ಕನ ಮುಖವನ್ನು ಹುಡುಕಿದಳು. ಆಮೇಲೆ ನಗು ನಿಂತಿತು. ಟವೆಲ್ ಅವಳ ಕೈಯಿಂದ ಜಾರಿತು, ಎತ್ತಿಕೊಳ್ಳಲಿಲ್ಲ.

"ಅಲ್ವೇ ಅಕ್ಕ," ಅಂದಳು. "ಇಷ್ಟು ವರ್ಷ ಬಿಟ್ಟು, ಇವತ್ತೇ ನಿಜ ಹೇಳಬೇಕಿತ್ತಾ ನೀನು?"