ಕೇಶವನ ಅಂಗಡಿಯ ಅಭಿಪ್ರಾಯ ಪುಸ್ತಕ

ಇದನ್ನು ಬರೆಯುತ್ತಿರುವುದಕ್ಕೆ ಓದುಗರು ಕ್ಷಮಿಸಬೇಕು. ಇದರಲ್ಲಿ ಬರುವ ಚನ್ನಕೇಶವ ಇಲ್ಲಿಗೆ ಬಂದು ತನ್ನ ಮಾತು ಹೇಳಲಾರ. ಹೇಳುತ್ತಿರುವವನು ನಾನೊಬ್ಬನೇ, ಅದೂ ನೊಂದವನು. ಎಷ್ಟು ನಂಬಬಹುದೋ ಅಷ್ಟೇ ನಂಬಿ.

ನನ್ನ ಹೆಸರು ಜಿಯಾವುಲ್ಲಾ. ಹಗಲು ಯಶವಂತಪುರದ ಒಂದು ಮರದ ಡಿಪೋದಲ್ಲಿ ಗುಮಾಸ್ತ. ಸಂಜೆ ಕಾಲೇಜಿನಲ್ಲಿ ಕನ್ನಡ ಓದಿ ಬಿ.ಎ. ಮುಗಿಸಿದೆ. ಅಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಚನ್ನಕೇಶವ. ಆಮೇಲೆ ಎರಡು ಚಿತ್ರಗಳಿಗೆ ಚಿತ್ರಕಥೆ, ಸಂಭಾಷಣೆ ಬರೆದೆ. ಪರದೆಯ ಮೇಲೆ ಬಂದದ್ದು ಬೇರೆಯವರ ಹೆಸರು. ಮನೆಯಲ್ಲಿ ದಖ್ಖನಿ ಮಾತಾಡುವ ನನಗೆ ಕನ್ನಡ ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಎಲ್ಲೋ ತಪ್ಪಿದೆ ಎನ್ನಿಸುತ್ತದೆ. ಅದಕ್ಕೇ ಒಂದು ಸಲವಾದರೂ ಆ ಬಿಳಿ ಅಕ್ಷರಗಳಲ್ಲಿ ನನ್ನ ಹೆಸರು ಕಾಣಬೇಕೆಂಬ ಆಸೆ ಇತ್ತು. ಹೆಂಡತಿ ಮುಸರ್ರತ್‌ಗೆ ಆ ಆಸೆ ಗೊತ್ತಿತ್ತು. ಕೇಶವನಿಗೂ ಗೊತ್ತಿತ್ತು.

ಎಂಬತ್ತೈದನೇ ಇಸವಿಯಲ್ಲಿ ಆಸೆ ಹತ್ತಿರ ಬಂದಂತಿತ್ತು. ಜಕ್ಕೂರಿನ ಮುನಿಆಂಜಿನಪ್ಪನವರು ಕೆರೆ ಕಡೆಯ ಜಮೀನು ಮಾರಿ ಒಂದು ಚಿತ್ರ ತೆಗೆದಿದ್ದರು. ಒಂಬತ್ತು ದಿನ ಓಡಿತು. ಆದರೂ ಎರಡನೆಯದಕ್ಕೆ ಕಥೆ ಕೇಳುತ್ತಿದ್ದರು. ನಮ್ಮಲ್ಲಿ ಕಥೆಯನ್ನು ಕಾಗದದಲ್ಲಿ ಕೊಡುವ ರೂಢಿಯಿಲ್ಲ, ಎದುರು ಕೂತು ಬಾಯಲ್ಲಿ ಹೇಳಬೇಕು. ನಾನು ಎರಡು ಭಾನುವಾರ ಕೂತು ಹೇಳಿದೆ. ಮುಗಿದ ಮೇಲೆ ಅವರು, "ನನ್ ಮೊದಲನೇ ಪಿಚ್ಚರ್ ಎಂಗಿತ್ತು ಸಾಬ್ರೇ?" ಎಂದು ಕೇಳಿದರು.

"ಚೆನ್ನಾಗಿತ್ತು ಸಾರ್," ಎಂದೆ.

ಅವರು ಕಾಫಿ ತರಿಸಿದರು. "ನೋಡಾನ, ಏಳಿ ಕಳಿಸ್ತೀನಿ," ಎಂದರು. ನಾನು ಆ ಮಾತನ್ನು ಹಿಡಿದುಕೊಂಡು ಕಾಯತೊಡಗಿದೆ.

ಕೇಶವನ ಅಂಗಡಿ ಮತ್ತಿಕೆರೆಯಲ್ಲಿ, ಅವರ ಹಳೆಯ ಮನೆಯ ಮುಂಭಾಗದಲ್ಲೇ ಇತ್ತು. ಒಂದು ಕಡೆ ಬಾಡಿಗೆಗೆ ಕೊಡುವ ವಿಡಿಯೋ ಕ್ಯಾಸೆಟ್‌ಗಳು, ಇನ್ನೊಂದು ಕಡೆ ಎರಡು ವಿಡಿಯೋ ಗೇಮ್ ಮಿಷಿನ್. ಕಾಲೇಜು ಹುಡುಗರು ಟೋಕನ್ ಕೊಂಡು ಸಾಲುಗಟ್ಟಿ ನಿಂತಿರುತ್ತಿದ್ದರು. ಗಿರಾಕಿಗಳೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈ ಪಿಕ್ಚರ್ ಹೇಗಿದೆ? ಅದಕ್ಕೆ ಕೇಶವ ಒಂದು ಉಪಾಯ ಮಾಡಿದ. ಉದ್ದನೆಯ ಪುಸ್ತಕವೊಂದನ್ನು ಕೌಂಟರಿಗೆ ದಾರದಿಂದ ಕಟ್ಟಿದ. ಹೊಸ ಚಿತ್ರ ಬಂದಾಗಲೆಲ್ಲ ನಾನು ಅಭಿಪ್ರಾಯ ಹೇಳುವುದು, ಅವನು ಬರೆಯುವುದು. ಸಿನಿಮಾ ಬೋರ್ಡು ಬರೆದು ಪಳಗಿದ ಅವನ ಅಕ್ಷರ ಮುತ್ತಿನಂತಿತ್ತು.

"ಹೆಸರು ಮಾತ್ರ ಹಾಕಬೇಡ," ಎಂದು ಮೊದಲ ದಿನವೇ ಹೇಳಿದ್ದೆ. "ನಿರ್ಮಾಪಕರಿಗೆ ಗೊತ್ತಾದ್ರೆ ನಂಗೆ ಯಾರೂ ಕೆಲಸ ಕೊಡಲ್ಲ."

"ನಿನ್ ಹೆಸರು ಹಾಕಿದ್ರೆ ಕ್ಯಾಸೆಟ್ ಯಾರ್ ತಗೋತಾರೆ ಗುರು?" ಎಂದು ನಕ್ಕಿದ್ದ.

ಆ ಪುಸ್ತಕದಲ್ಲಿ ನಾನು ಯಾರಿಗೂ ಹೆದರಲಿಲ್ಲ. ಅವಳಿ ಅಣ್ಣತಮ್ಮಂದಿರ ಚಿತ್ರವೊಂದಕ್ಕೆ, "ಇಬ್ಬರೂ ಒಳ್ಳೆಯವರೇ ಆಗಿದ್ದರೆ ಎರಡನೆಯವನು ಯಾಕೆ?" ಎಂದು ಬರೆಸಿದೆ. ಮಿಷಿನ್‌ಗಳ ಬಗ್ಗೆಯೂ ಬರೆಸಿದೆ. ಒಂದರಲ್ಲಿ ಮೇಲಿನಿಂದ ಇಳಿಯುವ ಹಡಗುಗಳನ್ನು ಹೊಡೆಯಬೇಕು. ಎಷ್ಟು ಹೊಡೆದರೂ ಮತ್ತೊಂದು ಸಾಲು ಬರುತ್ತದೆ, ಕೊನೆಗೆ ಎಲ್ಲರೂ ಸೋಲುತ್ತಾರೆ. ಆದರೂ ಹುಡುಗರು ಬಿಟ್ಟು ಹೋಗುವುದಿಲ್ಲ. ಕೈ ತಪ್ಪಿದ್ದು ಎಲ್ಲಿ ಎಂದು ಅವರಿಗೆ ಗೊತ್ತಿರುತ್ತದೆ, ಅದನ್ನು ಸರಿಮಾಡಲು ಇನ್ನೊಂದು ಟೋಕನ್ ಕೊಳ್ಳುತ್ತಾರೆ. ಇದು ನನ್ನನ್ನು ಬಹಳ ದಿನ ಕಾಡಿತ್ತು.

ಮುನಿಆಂಜಿನಪ್ಪನವರ ಚಿತ್ರದ ಕಳ್ಳ ಕ್ಯಾಸೆಟ್ ಬಂದ ಭಾನುವಾರ, ನಾನು ಬೇಡ ಎಂದೆ.

"ಇದೊಂದು ಬಿಟ್ಬಿಡು ಕೇಶವ. ಅವರು ನೋಡಿದ್ರೆ?"

"ಜಕ್ಕೂರು ಗೌಡ್ರು ಕ್ಯಾಸೆಟ್ ಬಾಡಿಗೆಗೆ ನನ್ ಹತ್ರ ಬರ್ತಾರಾ? ಹೇಳು ಮಗಾ, ಪೆನ್ ಒಣಗ್ತಾ ಇದೆ."

ನಾನು ಹೇಳಿದೆ, ಅವನು ಬರೆದ: "ಈ ಚಿತ್ರದ ನಾಯಕ ಮೂರು ಗಂಟೆಯಲ್ಲಿ ಒಂದೂ ತಪ್ಪು ಮಾಡುವುದಿಲ್ಲ. ತಪ್ಪು ಮಾಡದವನು ಗೆದ್ದರೆ ನಮಗೇನು? ಅವನು ಮೊದಲರ್ಧದಲ್ಲಿ ತಂಗಿಯ ಮಾತು ನಂಬದೆ ಅವಳನ್ನು ಮನೆಯಿಂದ ಕಳಿಸಿದ್ದರೆ, ಎರಡನೇ ಅರ್ಧದ ಅಳುವಿಗೆ ಕಾರಣವಿರುತ್ತಿತ್ತು. ಪಕ್ಕದ ಮಿಷಿನ್‌ನಲ್ಲಿ ಒಂದು ಟೋಕನ್ ಹಾಕಿ ನೋಡಿ, ಅಲ್ಲಿ ಇದಕ್ಕಿಂತ ಒಳ್ಳೆಯ ಕಥೆಯಿದೆ."

ಬರೆದು ಮುಗಿಸಿ ಕೇಶವ ಅದನ್ನು ಗಟ್ಟಿಯಾಗಿ ಓದಿದ. ಹುಡುಗರು ಶಿಳ್ಳೆ ಹೊಡೆದರು. ನಿಜ ಹೇಳುತ್ತೇನೆ, ನನಗೂ ಹೆಮ್ಮೆಯಾಯಿತು.

ಎರಡು ತಿಂಗಳು ಕಳೆಯಿತು. ಜಕ್ಕೂರಿನಿಂದ ಕರೆ ಬರಲಿಲ್ಲ. ಒಂದು ಭಾನುವಾರ ತಡೆಯಲಾರದೆ ಬಸ್ಸು ಹತ್ತಿ ನಾನೇ ಹೋದೆ. ಮುನಿಆಂಜಿನಪ್ಪನವರು ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಖುಷಿಯಿಂದಲೇ ಕರೆದರು.

"ಬಾ ಬಾ ಸಾಬ್ರೇ. ನಮ್ಗೆ ರೈಟ್ರು ಸಿಕ್ಬುಟ್ರು ಕಣಪ್ಪ."

ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಮನೆಯ ಮೇಲೆ ಹಾದುಹೋಯಿತು. ಅದರ ಸದ್ದು ನಿಲ್ಲುವವರೆಗೆ ಕಾದು ಅವರು ಹೇಳಿದರು. ಅವರ ಚಿತ್ರದ ಕಳ್ಳ ಕ್ಯಾಸೆಟ್ಟನ್ನು ಮತ್ತಿಕೆರೆಯಲ್ಲಿ ಬಾಡಿಗೆಗೆ ಬಿಡುತ್ತಿದ್ದಾರೆಂದು ಎರಡು ತಿಂಗಳ ಹಿಂದೆಯೇ ಯಾರೋ ತಿಳಿಸಿದ್ದರಂತೆ. ನಾಲ್ಕು ಆಳುಗಳನ್ನು ಕರೆದುಕೊಂಡು ಅಂಗಡಿಯವನನ್ನು ಹಿಡಿಯಲು ಹೋಗಿದ್ದರಂತೆ. ಕೌಂಟರಿನ ಮೇಲೆ ಆ ಪುಸ್ತಕ ಕಂಡಿತಂತೆ. ಇಷ್ಟು ಹೇಳಿ ಒಳಗೆ ಹೋಗಿ ಪುಸ್ತಕವನ್ನೇ ತಂದರು. ದಾರದ ತುಂಡು ಇನ್ನೂ ನೇತಾಡುತ್ತಿತ್ತು.

"ತಪ್ಪು ಮಾಡದವನು ಗೆದ್ದರೆ ನಮಗೇನು," ಎಂದು ನನ್ನ ಮಾತನ್ನು ನನಗೇ ಓದಿ ಹೇಳಿದರು. "ನೋಡು. ನನ್ ಮನೇಲಿ ಉಂಡ ಅದಿನೈದು ಜನ ಬಾಯಿ ಬಿಡ್ನಿಲ್ಲ. ಅಂಗಡಿ ಇಟ್ಕೊಂಡೋನು ಇಂಗೆ ಬರ್ದವ್ನೆ. ಒಡೆಯಕ್ಕೆ ಅಂತ ಓಗಿದ್ದೋನು ಅಡ್ವಾನ್ಸು ಕೊಟ್ಟು ಬಂದೆ. ಚನ್ನಕೇಶವ ಅಂತ, ನಿನ್ ಸ್ನೇಹಿತ್ನಂತಲ್ಲ?"

ಈಗ ಹೇಳಬೇಕು, ಈಗ ಹೇಳಿಬಿಡಬೇಕು ಎಂದುಕೊಂಡೆ.

"ಸಾರ್, ಆ ಅಭಿಪ್ರಾಯ..."

"ನೀನು ಚೆನ್ನಾಗಿತ್ತು ಅಂದೆ ಕಣಪ್ಪ," ಎಂದರು ಅವರು. ಕೋಪದಿಂದಲ್ಲ, ನೆನಪಿಸುವಂತೆ. "ಇಲ್ಲೇ ಕೂತ್ಕಂಡು ಅಂದೆ. ಓಗ್ಲಿ ಬಿಡು. ಕೇಶವ ನಿನ್ನ ಅಸಿಸ್ಟೆಂಟಾಗಿ ಇಟ್ಕಂತೀನಿ ಅಂದವ್ನೆ. ಒಳ್ಳೆ ಉಡ್ಗ."

ಆ ಪುಸ್ತಕದ ಮಾತು ನನ್ನದು ಎಂದರೆ, ಈ ಜಗಲಿಯಲ್ಲಿ ಅವರ ಮುಖ ನೋಡಿ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡಂತೆ. ಅಕ್ಷರ ನನ್ನದಲ್ಲ, ಹೆಸರೂ ಇಲ್ಲ. ಯಾವುದನ್ನು ತೋರಿಸಿ ಹೇಳಲಿ? ಕಾಫಿ ಕುಡಿದು ನಮಸ್ಕಾರ ಮಾಡಿ ಎದ್ದೆ.

ನೇರ ಮತ್ತಿಕೆರೆಗೆ ಹೋದೆ. ಕೇಶವ ಕೆಟ್ಟುನಿಂತ ಮಿಷಿನ್ನಿನ ಹಿಂಬದಿ ತೆಗೆದು ನೋಡುತ್ತಿದ್ದ. ಕೌಂಟರಿಗೆ ಹೊಸ ಪುಸ್ತಕ ಕಟ್ಟಿತ್ತು, ಹಾಳೆಗಳು ಖಾಲಿ ಇದ್ದವು.

"ಜಕ್ಕೂರಿಂದ ಬರ್ತಾ ಇದೀನಿ," ಎಂದೆ.

ಅವನ ಕೈ ನಿಂತಿತು. ಆದರೆ ತಲೆ ಎತ್ತಲಿಲ್ಲ. "ನಾನೇ ಬಂದು ಹೇಳೋಣ ಅಂತಿದ್ದೆ ಕಣೋ."

"ಎರಡು ತಿಂಗಳಿಂದಾನಾ? ಪ್ರತಿ ಭಾನುವಾರ ಟೀ ಕುಡಿಸಿದ್ಯಲ್ಲ, ಆವಾಗ ನಾಲಿಗೆ ಬಿದ್ದೋಗಿತ್ತಾ? ಹಳೇ ಪುಸ್ತಕ ಎಲ್ಲಿ ಅಂದ್ರೆ, ಬೈಂಡಿಂಗ್‌ಗೆ ಕೊಟ್ಟಿದೀನಿ ಅಂದ್ಯಲ್ಲೋ!"

"ಅವರೇ ಹಂಗ್ ತಿಳ್ಕೊಂಡ್ರು ಜಿಯಾ. ನಾಲ್ಕು ಜನ ದಾಂಡಿಗರು ಸುತ್ತ ನಿಂತವ್ರೆ, ಕ್ಯಾಸೆಟ್ ಕೈಲಿದೆ, ಪೊಲೀಸ್ ಅಂತಾವ್ರೆ. ನಾನೇನ್ ಮಾಡ್ಲಿ? ಹೆಸರು ಹೇಳ್ಬೇಡ ಅಂದಿದ್ದು ನೀನೇ ಅಲ್ವಾ?"

"ಪುಸ್ತಕದಲ್ಲಿ ಹಾಕಬೇಡ ಅಂದೆ. ನಿನ್ ಹೆಸರು ಹಾಕ್ಕೋ ಅನ್ನಲಿಲ್ಲ."

"ಸೇರ್ಕೊಂಡು ಬರೆಯೋಣ ಬಾರೋ. ನೀನು ಹೇಳು, ನಾನು ಬರೀತೀನಿ. ಮುಂಚಿನ ಥರಾನೇ."

ಮುಂಚಿನ ಥರಾನೇ ಎಂದ. ಅದೊಂದು ಮಾತು ಅವನು ಆಡದಿದ್ದರೆ ಬಹುಶಃ ಜಗಳವಾಡಿ ಮತ್ತೆ ಹತ್ತಿರವಾಗುತ್ತಿದ್ದೆವು. ನಾನು ಮೆಟ್ಟಿಲಿಳಿದು ಬಂದೆ. ಮತ್ತೆ ಆ ಅಂಗಡಿಗೆ ಹೋಗಲಿಲ್ಲ.

ಮುಂದಿನ ವರ್ಷ ಚಿತ್ರ ಬಂತು. ಮುಸರ್ರತ್ ಬೇಡವೆಂದರೂ ಅವಳನ್ನು ಕರೆದುಕೊಂಡು ಯಶವಂತಪುರದಲ್ಲೇ ಮ್ಯಾಟಿನಿಗೆ ಹೋದೆ. 'ಚಿತ್ರಕಥೆ, ಸಂಭಾಷಣೆ' ಎಂದು ಬಂತು, ಕೆಳಗೆ ಚನ್ನಕೇಶವ ಎಂದಿತ್ತು. ನಾನು ಹೇಳಿದ ಕಥೆಯಲ್ಲ ಅದು. ಆದರೆ ನಾಯಕ ಮೊದಲರ್ಧದಲ್ಲೇ ತಂಗಿಯ ಮಾತು ನಂಬದೆ ಅವಳನ್ನು ಹೊರಗೆ ಕಳಿಸಿದ. ಅವನು ಬಾಗಿಲು ಹಾಕಿಕೊಂಡಾಗ ಇಡೀ ಚಿತ್ರಮಂದಿರ ಸದ್ದಿಲ್ಲದೆ ಕೂತಿತ್ತು.

"ಇದು ನೀವು ಹೇಳ್ತಿದ್ದ ಮಾತಲ್ವಾ?" ಎಂದು ಮುಸರ್ರತ್ ನಮ್ಮ ಭಾಷೆಯಲ್ಲಿ ಪಿಸುಗುಟ್ಟಿದಳು. ನಾನು ಪರದೆ ನೋಡುತ್ತಾ ಕೂತೆ.

ಚಿತ್ರ ಚೆನ್ನಾಗಿತ್ತು. ಜಗಲಿಯ ಮೇಲೆ ಹೇಳಿದ ಮಾತಿನಂತಲ್ಲ ಇದು. ನಿಜವಾಗಿಯೂ ಚೆನ್ನಾಗಿತ್ತು, ಎರಡನೇ ಅರ್ಧದಲ್ಲಿ ಸಂಭಾಷಣೆ ತುಸು ಹೆಚ್ಚಾಯಿತು ಅಷ್ಟೆ. ಇದನ್ನು ನಾನೇ, ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ.

ಆ ದಿನ ಮುನಿಆಂಜಿನಪ್ಪನವರು ಪುಸ್ತಕ ಹಿಡಿದು ಇದನ್ನು ಬರೆದವರು ಯಾರು ಎಂದು ಕೇಳಿದಾಗ, ಕೇಶವ ಹೆದರಿ ಸುಮ್ಮನಿದ್ದನೋ ಅಥವಾ ಬಾಯಿಬಿಟ್ಟು ನಾನೇ ಎಂದನೋ, ನನಗೆ ಗೊತ್ತಿಲ್ಲ.