ಲೋಡರಿಗೆ ಪೌಡರ್ ಹಚ್ಚಿದ ಮಗಳು

ಅಜ್ಜಿಯರ ಕಾಲ ಮುಗಿದು, ನಮ್ಮ ಕಾಲ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಒಂದು ಜಲ್ಲಿ ಅಂಗಳದಲ್ಲಿ ಹಳದಿ ಬಣ್ಣದ ರಾಕ್ಷಸಿಯೊಬ್ಬಳಿದ್ದಳು. ನಾಲ್ಕು ಚಕ್ರ, ಒಂದೇ ಕೈ. ಆ ಕೈಯಲ್ಲಿ ಬಾಚಿದರೆ ನಾಲ್ಕೇ ಬೊಗಸೆಗೆ ಲಾರಿ ತುಂಬುತ್ತಿತ್ತು. ಜನ ಅವಳನ್ನು ಲೋಡರ್ ಎನ್ನುತ್ತಿದ್ದರು. ಅವಳ ಆರೈಕೆಗೆ ಒಬ್ಬ ಮೆಕ್ಯಾನಿಕ್, ಅವನಿಂದಲೇ ಕೆಲಸ ಕಲಿತ ಅವನ ಮಗಳು.

ಇಂಥ ರಾಕ್ಷಸಿಗೂ ಕಾಯಿಲೆ ಬಂತು. ಹೊಟ್ಟೆಯಡಿಯ ಗೇರ್‌ಬಾಕ್ಸಿನಿಂದ ಆಯಿಲ್ ತೊಟ್ಟಿಕ್ಕತೊಡಗಿತು. ಶಾಫ್ಟು ಹೊರಬರುವ ಜಾಗದ ರಬ್ಬರ್ ಸೀಲನ್ನು ಅಪ್ಪ ಬದಲಿಸಿದ. ಎರಡೇ ದಿನಕ್ಕೆ ಮತ್ತೆ ಸೋರಿತು. ಇನ್ನೊಂದು ಹಾಕಿದ. ಅದೂ ಸೋರಿತು. ಸೂಪರ್‌ವೈಸರ್ ನೆಲದ ಕಪ್ಪು ಕಲೆ ನೋಡಿ ಮೂಗು ಮುರಿದ.

"ಕಣ್ಣು ಮಂಜಾಯ್ತೇನೋ ಯಜಮಾನ್ರೇ. ನಾಳೆಯಿಂದ ಗೇಟ್ ಕಾಯ್ಕೊಂಡಿರಿ. ಗಾಡಿ ಹೊರಗಿನವರು ನೋಡ್ತಾರೆ."

ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ ಜೋತುಬಿತ್ತು. ಮಗಳಿಗೆ ಮೈಯೆಲ್ಲ ಉರಿದುಹೋಯಿತು.

"ಸಂಜೆ ಐದರ ತನಕ ಟೈಮ್ ಕೊಡಿ ಸಾರ್. ಆಮೇಲೆ ಒಂದೇ ಒಂದು ತೊಟ್ಟು ಬಿದ್ರೂ ನಾವಿಬ್ರೂ ಗೇಟಲ್ಲೇ ಕೂರ್ತೀವಿ."

"ಅಷ್ಟುದ್ದ ನಾಲಿಗೆ ಯಾರದೇ ನಿಂದು?" ಅಪ್ಪ ಪಿಸುಗುಟ್ಟಿದ.

"ನಿಮ್ಮಮ್ಮಂದು."

ಗೇರ್‌ಬಾಕ್ಸನ್ನು ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿದಳು. ಆಮೇಲೆ ತನ್ನ ಚೀಲದಿಂದ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತೆಗೆದು ಅದರ ಮೈಮೇಲೆಲ್ಲ ಉದುರಿಸಿದಳು. ಲೋಡರ್ ಓಡಿಸುವವನ ಗಂಟಲು ಅಂಗಳದ ಆ ತುದಿಗೂ ಕೇಳುವಂಥದ್ದು. ಅದಕ್ಕೇ ಅವನಿಗೆ ಮೈಕಣ್ಣ ಎಂದು ಹೆಸರು.

"ಏನಮ್ಮಾ, ಇವಳಿಗೆ ಫೋಟೋ ತೆಗೆಸ್ಬೇಕಾ?" ಎಂದು ಅವನು ಗುಡುಗಿದ.

"ನೀವು ಸುಮ್ನೆ ಓಡ್ಸಿ ಮೈಕಣ್ಣಾ. ಪೌಡರ್ ಮೊದಲು ಎಲ್ಲಿ ಒದ್ದೆಯಾಗುತ್ತೋ ಅಲ್ಲೇ ಕಳ್ಳ."

ಅರ್ಧ ಗಂಟೆ ಜಲ್ಲಿ ಹೊರಿಸಿ ನಿಲ್ಲಿಸಿದಾಗ, ಬಿಳಿಯ ಮೇಲೆ ಒಂದೇ ಒಂದು ಕಪ್ಪು ಗೆರೆ. ಹೊರಟದ್ದು ಸೀಲಿನ ಅಂಚಿನಿಂದಲೇ.

"ನೋಡಿದ್ಯಾ? ಸೀಲೇ ಅಂತ ನಾನು ಬಡ್ಕೊಂಡಿದ್ದು ಸುಳ್ಳಾ?" ಎಂದ ಅಪ್ಪ.

"ಸುಳ್ಳಲ್ಲಪ್ಪ. ಆದ್ರೆ ಹೊಸ ಸೀಲ್ ಯಾಕೆ ಸೋಲ್ಬೇಕು?" ಅವಳು ಶಾಫ್ಟಿನ ಮೇಲೆ ಉಗುರು ಎಳೆದಳು. ಗೀರಿಲ್ಲ, ಕನ್ನಡಿಯಂತಿದೆ. "ಹೊಸ ಬಾಗಿಲನ್ನ ಒಳಗಿಂದ ಯಾರೋ ಒದೀತಿದ್ರೆ?"

"ಒದೆಯೋದಲ್ಲ, ಉಗೀತಾಳೆ!" ಮೈಕಣ್ಣ ಮೇಲಿನಿಂದ ಕೂಗಿದ. "ಕೆಲಸದ ಮಧ್ಯೆ ಆಯಿಲ್ ನೋಡೋ ಕಡ್ಡಿ ಎಳೆದ್ರೆ ಮುಖಕ್ಕೇ ಉಗೀತಾಳೆ. ಹೊಸ ಪೇಂಟ್ ಹೊಡೆದಾಗಿಂದ ಸೊಕ್ಕು ಬಂದಿದೆ ಅಂದ್ಕೊಂಡೆ."

"ಇಷ್ಟು ದೊಡ್ಡ ಗಂಟಲಿಟ್ಕೊಂಡು ಇದೊಂದನ್ನ ಹೇಳ್ಲಿಲ್ವಲ್ಲ ನೀವು!"

ಕೈಗೆ ಬಟ್ಟೆ ಸುತ್ತಿಕೊಂಡು ಕಡ್ಡಿಯನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಉಸ್ಸ್... ಎಂದು ಗಾಳಿ ಹೊರಬಿತ್ತು. ಕಾದ ಗೇರ್‌ಬಾಕ್ಸು ಗಾಳಿ ಬಿಡಲು ನೆತ್ತಿಯ ಮೇಲೆ ಹೆಬ್ಬೆರಳಿನ ಗಾತ್ರದ ಬ್ರೀದರ್ ಇರುತ್ತದೆ. ಅವಳು ಹತ್ತಿ ನೋಡಿದರೆ, ಅಲ್ಲಿದ್ದದ್ದು ಒಂದು ಹಳದಿ ಗಂಟು. ತೂತುಗಳೆಲ್ಲ ಬಣ್ಣದಡಿ ಹೂತುಹೋಗಿದ್ದವು. ದಾರಿ ಕಾಣದ ಗಾಳಿ ಸೀಲಿನ ಸಂದಿಯಿಂದಲೇ ಆಯಿಲನ್ನು ಹೊರದೂಡುತ್ತಿತ್ತು. ಹೋದ ತಿಂಗಳು ರಜೆಯ ದಿನ ಬಂದು, ಒಂದಿಂಚೂ ಬಿಡದೆ, ಮುದ್ದಿನಿಂದ ಬಣ್ಣ ಬಳಿದವನು ಅಪ್ಪನೇ.

ಅವನು ತನ್ನ ಕೈಯನ್ನೊಮ್ಮೆ, ಗಂಟನ್ನೊಮ್ಮೆ ನೋಡಿದ. "ಅಯ್ಯೋ, ಮೂಗಿಗೂ ಬಳಿದ್ಬಿಟ್ನಲ್ಲೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಬ್ರೀದರ್ ಬಿಚ್ಚಿ, ಬಣ್ಣ ಕೆರೆದು, ತಂತಿಯಲ್ಲಿ ತೂತು ಚುಚ್ಚಿ ಬಿಡಿಸಿದರು. ಅಪ್ಪ ಬಾಯಿಟ್ಟು ಊದಿದಾಗ ಗಾಳಿ ಸಲೀಸಾಗಿ ಆಚೆ ಹೋಯಿತು. ಸೀಲನ್ನು ಯಾರೂ ಮುಟ್ಟಲಿಲ್ಲ, ಅದರ ತಪ್ಪೇನಿರಲಿಲ್ಲ. ಮತ್ತೆ ಒರೆಸಿ, ಡಬ್ಬಿ ತಳ ತಟ್ಟಿ ಉಳಿದ ಪೌಡರನ್ನೆಲ್ಲ ಸುರಿದಳು. ಹದಿನಾಲ್ಕು ಲಾರಿ ತುಂಬಿದವು. ಐದಾಯಿತು. ಅಂಗಳದ ಮಂದಿಯೆಲ್ಲ ಸುತ್ತ ನೆರೆದರು.

"ಬಣ್ಣ ಬಳಿದು ಉಸಿರು ಕಟ್ಟಿಸಿದ್ದು ನಾನೇ ಸಾರ್," ಅಪ್ಪ ಎಲ್ಲರೆದುರೇ ಎದೆಯೆತ್ತಿ ಹೇಳಿದ. "ಕಂಡುಹಿಡಿದಿದ್ದು ನನ್ನ ಮಗಳು."

ಸೂಪರ್‌ವೈಸರ್ ರಟ್ಟು ಹಾಸಿಕೊಂಡು ತಾನೇ ಕೆಳಗೆ ತೂರಿದ. ಸೀಲಿನ ಸುತ್ತ ಬೆರಳಾಡಿಸಿ ಹೊರಬಂದಾಗ ಬೆರಳು ಬೆಳ್ಳಗಿತ್ತು.

"ಒಣಗಿದೆ," ಎಂದು ಗೊಣಗಿದ.

"ಜೋರಾಗಿ ಹೇಳಿ ಸಾರ್, ನಮ್ಮಪ್ಪಂಗೆ ಕೇಳಿಸ್ಲಿಲ್ಲ."

"ಒಣಗಿದೆ ಯಜಮಾನ್ರೇ! ಗೇಟಿಗೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ!"

ಅದನ್ನು ಮೈಕಣ್ಣ ಆ ತುದಿಯವರೆಗೂ ಸಾರಿದ: "ಒಂದು ತೊಟ್ಟೂ ಇಲ್ರೋ!"